ಒಂದೂವರೆ ವೋಲ್ಟಿನ ಸಾಕ್ಷಿ

ದುಡಿದು ತಿನ್ನುವ ಒಬ್ಬ ಹೆಂಗಸಿನ ಮೇಲೆ ಅಪವಾದ ಬಂದಿತೆಂದು ಕೇಳಿದ ದಿನ, ಅದು ನಿಜವೋ ಸುಳ್ಳೋ ಎಂದು ಒಂದು ಮಾತೂ ವಿಚಾರಿಸದೆ, "ಬೆಂಕಿಯಿಲ್ಲದೆ ಹೊಗೆಯಾಡುತ್ತದೆಯೇ" ಎಂದು ತಲೆಯಾಡಿಸಿ, ನಿಮ್ಮ ಪಾಡಿಗೆ ನೀವು ಹೊರಟುಹೋದವರಲ್ಲವೇ?

ಹಾಗಾದರೆ ಬನ್ನಿ. ಹತ್ತನೆಯ ಮಹಡಿಯ ಈ ಸಮಿತಿ ಕೋಣೆಯಲ್ಲಿ ಅವಳ ಎದುರಿಗೆ ಕುಳಿತುಕೊಳ್ಳಿ. ಕುರ್ಚಿಗಳಿಗೇನೂ ಕೊರತೆಯಿಲ್ಲ, ಹನ್ನೆರಡಿವೆ. ಕೊರತೆಯಿರುವುದು ಹೊರಹೋಗುವ ದಾರಿಗೆ. ಕಿಟಕಿಯ ಗಾಜು ತೆರೆಯುವಂಥದ್ದಲ್ಲ. ಮೆಟ್ಟಿಲ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿದೆ. ಉಳಿದದ್ದು ಲಿಫ್ಟ್ ಒಂದೇ.

"ಮೆಟ್ಟಿಲ ಬಾಗಿಲು ತೆಗೆಸಿ," ಎಂದರು ದೊಡ್ಡಟೀಚರ್.

"ಬಣ್ಣ ಇನ್ನೂ ಹಸಿ ಇದೆ ಟೀಚರ್, ಬಟ್ಟೆಗೆ ಮೆತ್ತಿಕೊಳ್ಳುತ್ತೆ," ಎಂದ ಕಟ್ಟಡದ ಕಾರ್ಯದರ್ಶಿ. ಅವನ ನಗುವಿನಲ್ಲಿ ಹಲ್ಲುಗಳಿದ್ದವು, ನಗು ಇರಲಿಲ್ಲ. "ಇಳೀಬೇಕು ಅಂದ್ರೆ ಲಿಫ್ಟ್ ಇದೆಯಲ್ಲ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಕೆಳಗಿರ್ತೀರಿ."

"ಅದೇ ನನ್ನ ಭಯ. ನಾನು ಹತ್ತಿ ಬರುವಾಗ ಬಣ್ಣ ಇರಲಿಲ್ಲವಲ್ಲ?"

"ನೀವು ಹತ್ತಿದ ಮೇಲೆ ಶುರು ಮಾಡಿದ್ರು."

"ಎಷ್ಟು ಚುರುಕು!" ಎಂದರು ಅವರು. "ಲಿಫ್ಟ್ ರಿಪೇರಿಗೂ ಇಷ್ಟೇ ಚುರುಕು ತೋರಿಸಿದ್ದಿದ್ರೆ ಒಬ್ಬ ಎಂಜಿನಿಯರ್ ಆಸ್ಪತ್ರೆ ಸೇರ್ತಿರಲಿಲ್ಲ."

ಸೋಮವಾರ ಈ ಲಿಫ್ಟನ್ನು ತಪಾಸಣೆ ಮಾಡಿದ ಎಂಜಿನಿಯರ್ ಮಂಗಳವಾರ ಬೆಳಗ್ಗೆ ಅದೇ ಲಿಫ್ಟಿನ ಗುಂಡಿಯಲ್ಲಿ ಬಿದ್ದು ಸಿಕ್ಕಿದ್ದರು. ಇಂದು ಶುಕ್ರವಾರ, ಅವರಿಗೆ ಎಚ್ಚರ ಬಂದಿಲ್ಲ, ಅವರ ವರದಿಯಿದ್ದ ಲ್ಯಾಪ್‌ಟಾಪಿಗೂ ಜೀವ ಬಂದಿಲ್ಲ.

ಆ ಲ್ಯಾಪ್‌ಟಾಪ್ ಮೇಜಿನ ನಡುವೆ ಶವದಂತೆ ಮಲಗಿತ್ತು. ಅದರ ಒಂದು ಬದಿಗೆ ಕುಳಿತವಳು ರಿಪೇರಿಯಕ್ಕ. ಕಳೆದ ಶನಿವಾರ ಅದಕ್ಕೆ ಹೊಸ ಮೆಮೊರಿ ಹಾಕಿಕೊಟ್ಟವಳು ಅವಳೇ. ತಪ್ಪು ವಸ್ತು ತುರುಕಿ ಯಂತ್ರವನ್ನೂ ವರದಿಯನ್ನೂ ಹಾಳುಮಾಡಿದಳು ಎಂಬುದು ಅವಳ ಮೇಲಿನ ದೂರು. "ಬಾಮ್ಮ, ಕೂತು ಮಾತಾಡಿ ಬಗೆಹರಿಸೋಣ" ಎಂದು ಕರೆಸಿ, ಕೆಳಗಿನ ಗೇಟಿನಲ್ಲೇ ಅವಳ ಚೀಲವನ್ನೂ ಫೋನನ್ನೂ ಕಿತ್ತುಕೊಂಡಿದ್ದರು. ಸುದ್ದಿ ಕೇಳಿ, ಮೊಣಕಾಲು ಶಪಿಸುತ್ತಿದ್ದರೂ ಹತ್ತು ಮಹಡಿ ಹತ್ತಿ ಬಂದಿದ್ದರು ಅವಳ ಶಾಲಾದಿನಗಳ ದೊಡ್ಡಟೀಚರ್. ಈಗ ಅವರೂ ಒಳಗೆ.

ಮೇಜಿನ ಇನ್ನೊಂದು ಬದಿಯಲ್ಲಿ, ಕಾಲಮೇಲೆ ಕಾಲು ಹಾಕಿಕೊಂಡು, ಎಂಜಿನಿಯರರ ಹೆಂಡತಿಯ ತಮ್ಮ. ಭಾವ ಆಸ್ಪತ್ರೆಗೆ ಸೇರಿದ ದಿನದಿಂದ ಲ್ಯಾಪ್‌ಟಾಪ್ ಇವನ ವಶದಲ್ಲಿತ್ತು.

ಗೋಡೆಯ ಗಡಿಯಾರದಲ್ಲಿ ಮೂರು ಗಂಟೆ ಐದು ನಿಮಿಷ.

ನಾಲ್ಕಕ್ಕೆ ಕೆಳಗೆ ನಿವಾಸಿಗಳ ಸಭೆ. ಈ ಭಾವಮೈದುನ ಎದ್ದು ನಿಂತು "ವರದಿ ನಾನು ಓದಿದ್ದೇನೆ, ಲಿಫ್ಟ್ ಸುರಕ್ಷಿತ ಎಂದೇ ಬರೆದಿದ್ದರು" ಎಂದು ಹೇಳುತ್ತಾನೆ. ನೂರಹತ್ತು ಸಂಸಾರಗಳು ಚಪ್ಪಾಳೆ ತಟ್ಟುತ್ತವೆ. ಪೊಲೀಸರು ಬಂದು ಲ್ಯಾಪ್‌ಟಾಪಿಗೆ ಅರಗಿನ ಮುದ್ರೆ ಒತ್ತಿ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ಉತ್ತರ ಬರಲು ಆರು ತಿಂಗಳು. ರಿಪೇರಿಯಕ್ಕ ಠಾಣೆಗೆ. ನಾಳೆ ಬೆಳಗ್ಗೆಯಿಂದ ಮುದುಕರೂ ಮಕ್ಕಳೂ ಆ ಲಿಫ್ಟಿನೊಳಗೆ.

ಐವತ್ತೈದು ನಿಮಿಷಗಳಿದ್ದವು.

"ಅಳಬೇಡ," ಎಂದರು ಟೀಚರ್. "ಕಣ್ಣು ಮಂಜಾದ್ರೆ ಲೆಕ್ಕ ತಪ್ಪುತ್ತೆ. ಶನಿವಾರ ಏನು ಮಾಡಿದೆ, ಮೊದಲಿಂದ ಹೇಳು."

"ಎಂಜಿನಿಯರ್ ಸರ್ ಬಂದ್ರು ಟೀಚರ್. ನಕ್ಷೆ ತೆಗೆದ್ರೆ ಸಾಕು, ಲ್ಯಾಪ್‌ಟಾಪ್ ಆಮೆ ಆಗಿಬಿಡುತ್ತೆ, ರ‍್ಯಾಮ್ ದೊಡ್ಡದು ಮಾಡಮ್ಮ ಅಂದ್ರು."

"ನೀನು ಅಂಗಡಿಯಲ್ಲಿ ಕೈಗೆ ಸಿಕ್ಕಿದ್ದು ಹಾಕಿಕೊಟ್ಟೆ," ಎಂದು ಕೆಣಕಿದರು ಟೀಚರ್.

ಅವಳು ತಲೆಯೆತ್ತಿದಳು. ಅಳು ಹಾರಿಹೋಗಿತ್ತು. "ಟೀಚರ್! ಕಾಲು ನೋಡದೆ ಯಾರಾದ್ರೂ ಚಪ್ಪಲಿ ಕೊಡ್ತಾರಾ?"

"ಹಾಗೆ ಬಾ ದಾರಿಗೆ. ಏನೇನು ನೋಡಿದೆ?"

"ಮೊದಲು ರ‍್ಯಾಮ್ ಕೂರೋ ಗೂಡು ಎಷ್ಟಿದೆ ನೋಡಿದೆ. ಇದರಲ್ಲಿ ಒಂದೇ ಗೂಡು, ಹಳೇದು ತೆಗೆದೇ ಹೊಸದು ಹಾಕಬೇಕು. ಆಮೇಲೆ ಅದು ಯಾವ ತಲೆಮಾರಿಂದು ಅಂತ. ಈ ರ‍್ಯಾಮ್ ಪಟ್ಟಿಯ ಅಂಚಲ್ಲಿ ಒಂದು ಕಚ್ಚು ಇರುತ್ತೆ. ಬೇರೆ ತಲೆಮಾರಿಂದು ಆದ್ರೆ ಕಚ್ಚು ಬೇರೆ ಕಡೆ ಇರುತ್ತೆ, ಗೂಡಿಗೆ ಕೂರೋದೇ ಇಲ್ಲ. ಆಮೇಲೆ ಈ ಯಂತ್ರ ಹೆಚ್ಚು ಅಂದ್ರೆ ಎಷ್ಟು ತಡ್ಕೊಳ್ಳುತ್ತೆ ಅಂತ ಕಂಪನಿ ಹಾಳೆ ನೋಡಿದೆ. ಎಂಟು ಜಿಬಿ. ಹದಿನಾರು ಹಾಕಿದ್ರೆ ಗುರುತೇ ಹಿಡಿಯಲ್ಲ. ವೇಗಾನೂ ನೋಡಿದೆ, ಹಳೇದರಷ್ಟೇ ಇರೋದು ಆರಿಸಿದೆ."

"ಆಯಿತು ಪಾಠ," ಎಂದ ಭಾವಮೈದುನ, ಆಕಳಿಸುತ್ತ. "ಗಂಟೆ ಹೊಡೀತಾರೆ, ಬೇಗ ಮುಗಿಸಿ."

"ನೀವು ಹಿಂದಿನ ಬೆಂಚಿನವರು ಅಂತ ಮುಖ ನೋಡಿದಾಗಲೇ ಗೊತ್ತಾಯಿತು," ಎಂದರು ಟೀಚರ್ ಅವನತ್ತ ತಿರುಗದೆ. "ಇನ್ನೇನು ನೋಡಿದೆ ಮಗಳೇ?"

"ವೋಲ್ಟ್," ಎಂದಳು ಅವಳು. "ಅದೇ ಮುಖ್ಯ. ಇದೇ ತಲೆಮಾರಲ್ಲಿ ಎರಡು ಜಾತಿ ಇದೆ. ಒಂದಕ್ಕೆ ಒಂದೂವರೆ ವೋಲ್ಟೇ ಬೇಕು. ಇನ್ನೊಂದಕ್ಕೆ ಒಂದು ಪಾಯಿಂಟ್ ಮೂರು ಐದು ಸಾಕು. ನೋಡೋಕೆ ಅವಳಿ ಮಕ್ಕಳು. ಅದೇ ಉದ್ದ, ಅದೇ ಕಚ್ಚು, ಒಂದೇ ಗೂಡಲ್ಲಿ ಎರಡೂ ಕೂರುತ್ತೆ. ಆದ್ರೆ ಹಸಿವು ಬೇರೆ ಬೇರೆ. ಕಮ್ಮಿ ಉಣ್ಣೋದು ಎಲ್ಲಿ ಬೇಕಾದ್ರೂ ಬಾಳುತ್ತೆ. ಜಾಸ್ತಿ ಉಣ್ಣೋದು ಕಮ್ಮಿ ಬಡಿಸೋ ಮನೆಯಲ್ಲಿ ಏಳೋದೇ ಇಲ್ಲ. ಈ ಲ್ಯಾಪ್‌ಟಾಪ್ ಕಮ್ಮಿ ಬಡಿಸೋ ಮನೆ."

"ನೀನು ಹಾಕಿದ್ದು?"

"ಕಮ್ಮಿ ಉಣ್ಣೋದೇ. ಸರ್ ಎದುರಲ್ಲೇ ಆನ್ ಮಾಡಿ, ನಕ್ಷೆ ತೆರೆದು ತೋರಿಸಿದೆ. ಹಳೇ ಪಟ್ಟೀನ ಕವರಲ್ಲಿ ಹಾಕಿ, ಹಳೇದರ ವಿವರ, ಹೊಸದರ ವಿವರ ಎರಡೂ ಅದರ ಮೇಲೆ ಬರೆದು, ಅವರ ಸಹಿ ಹಾಕಿಸಿ ಅವರ ಕೈಗೇ ಕೊಟ್ಟೆ. ಬಿಚ್ಚಿದ ವಸ್ತು ಗಿರಾಕಿಯದು ಟೀಚರ್, ನಾನು ಇಟ್ಕೊಳ್ಳಲ್ಲ."

ಟೀಚರ್ ಗೇಟಿನಲ್ಲಿ ಯಾರೂ ಕೇಳುವ ಧೈರ್ಯ ಮಾಡದಿದ್ದ ತಮ್ಮ ಫೋನು ತೆಗೆದು, ಆಸ್ಪತ್ರೆಗೂ ಇದೇ ಕಟ್ಟಡದ ಕೆಳಮಹಡಿಯ ಮನೆಗೂ ಅಲೆಯುತ್ತಿದ್ದ ಎಂಜಿನಿಯರರ ಹೆಂಡತಿಗೆ ಎರಡು ಸಾಲು ಬರೆದು ಕಳುಹಿಸಿದರು. ಬಳಿಕ ಕನ್ನಡಕ ಒರೆಸಿಕೊಂಡು, ಕೈಚೀಲದಿಂದ ಗೆರೆ ಹಾಕಿದ ಒಂದು ಹಾಳೆಯನ್ನು ಮೇಜಿನ ಮೇಲಿಟ್ಟರು. ಮೂವತ್ತಾರು ವರ್ಷ ವಿಜ್ಞಾನ ಕಲಿಸಿದವರಿಗೆ ಒಂದು ಅಭ್ಯಾಸ ಉಳಿದಿರುತ್ತದೆ: ಪ್ರಯೋಗಕ್ಕೆ ಮೊದಲು ಹೇಳಿಕೆಯನ್ನು ಬರೆಸಿಕೊಳ್ಳುವುದು. ಉತ್ತರ ಗೊತ್ತಾದ ಮೇಲೆ ಹೇಳಿಕೆ ತಿದ್ದುವ ವಿದ್ಯಾರ್ಥಿಗಳನ್ನು ಅವರು ಬೇಕಾದಷ್ಟು ಕಂಡಿದ್ದರು.

"ನೀವು ನಾಲ್ಕು ಗಂಟೆಗೆ ಹೇಳೋದನ್ನ ಈಗಲೇ ಹೇಳಿ," ಎಂದರು ಭಾವಮೈದುನನಿಗೆ. "ನಾನು ಬರ್ಕೋತೀನಿ. ಕಾರ್ಯದರ್ಶಿಗಳು ಸಾಕ್ಷಿ."

"ಅದಕ್ಕೇನಂತೆ," ಎಂದು ಅವನು ಕಾಲು ಕೆಳಗಿಳಿಸಿದ. "ಮಂಗಳವಾರ ಮಧ್ಯಾಹ್ನ ಲ್ಯಾಪ್‌ಟಾಪ್ ಆನ್ ಮಾಡಿದೆ. ಭಾವನ ವರದಿ ಇತ್ತು, ಮೂರು ಪುಟ. ಪೂರ್ತಿ ಓದಿದೆ. ಲಿಫ್ಟ್ ಸುರಕ್ಷಿತ ಅಂತಿತ್ತು. ಅಷ್ಟರಲ್ಲಿ ಪರದೆ ಕಪ್ಪಾಯಿತು. ಮತ್ತೆ ಏಳಲೇ ಇಲ್ಲ."

"ಆಮೇಲೆ ಯಾರಾದ್ರೂ ಬಿಚ್ಚಿದ್ರಾ?"

"ಯಾರು ಬಿಚ್ತಾರೆ? ನನ್ನ ಕೋಣೆಯಲ್ಲೇ ಇತ್ತು. ಬೀಗದ ಕೈ ನನ್ನ ಜೇಬಲ್ಲಿ."

"ನೀವು ಬಿಚ್ಚಿಲ್ಲ?"

"ಅಯ್ಯೋ, ನನಗೆ ಕಂಪ್ಯೂಟರ್ ಅಂದ್ರೆ ಗಂಧಗಾಳಿ ಗೊತ್ತಿಲ್ಲ. ಆನ್ ಮಾಡೋದು, ಆಫ್ ಮಾಡೋದು ಅಷ್ಟೇ."

ಟೀಚರ್ ಬರೆದರು. ದುಂಡನೆಯ ಅಕ್ಷರಗಳು, ಒಂದೂ ಗೆರೆ ದಾಟಲಿಲ್ಲ. ಅವನು ಸಹಿ ಹಾಕಿದ. ಕಾರ್ಯದರ್ಶಿಯೂ ಹಾಕಿದ.

"ಈಗ ಇದರ ಹೊಟ್ಟೆ ತೆಗೆಯೋಣ," ಎಂದರು ಅವರು. "ನಿಮ್ಮೆಲ್ಲರ ಎದುರಲ್ಲೇ. ಬೇಡ ಅನ್ನೋರು ಈಗಲೇ ಹೇಳಿ."

ಬೇಡವೆನ್ನುತ್ತಾರೆಂದು ರಿಪೇರಿಯಕ್ಕ ಎಣಿಸಿದ್ದಳು. ಕಾರ್ಯದರ್ಶಿ ಅಂಗೈ ತಿಕ್ಕಿಕೊಂಡ. "ತೆಗೀರಿ ಟೀಚರ್, ಧಾರಾಳವಾಗಿ. ಇವಳು ಒಳಗೆ ಏನು ತುರುಕಿದ್ದಾಳೆ ಅಂತ ಎಲ್ಲರೂ ನೋಡಲಿ."

ಕಟುಕನು ಕುರಿಯನ್ನು ಇಷ್ಟು ಪ್ರೀತಿಯಿಂದ ಕರೆದರೆ ಕುರಿಗಾದರೂ ಅನುಮಾನ ಬರಬೇಕು. ಟೀಚರಿಗೆ ಬಂದಿತು.

ಕನ್ನಡಕದ ಡಬ್ಬಿಯಲ್ಲಿದ್ದ ಬೆರಳುದ್ದದ ಸ್ಕ್ರೂ ಡ್ರೈವರನ್ನು ಅವರು ರಿಪೇರಿಯಕ್ಕನ ಕೈಗಿತ್ತರು. ಅವಳು ಲ್ಯಾಪ್‌ಟಾಪನ್ನು ಮಗುಚಿದಳು. ಕೆಳಗಿನ ಪುಟ್ಟ ಮುಚ್ಚಳದ ಸ್ಕ್ರೂ ಮೇಲೆ ಅವಳ ಅಂಗಡಿಯ ಹಳದಿ ಚೀಟಿ ಅಂಟಿತ್ತು. ಅವಳು ಬೆರಳಾಡಿಸಿ ನಿಂತಳು.

"ಸುಕ್ಕು ಇದೆ ಟೀಚರ್. ನಾನು ಹಚ್ಚಿದ್ರೆ ಸುಕ್ಕು ಇರಲ್ಲ."

"ಈಗ ಸುಕ್ಕು ಲೆಕ್ಕ ಹಾಕ್ತೀಯಾ? ಮುಂದೆ ನಡಿ!" ಎಂದ ಕಾರ್ಯದರ್ಶಿ.

ಸ್ಕ್ರೂ ಹೊರಬಂದಿತು. ಮುಚ್ಚಳ ತೆರೆಯಿತು. ಎರಡು ಕ್ಲಿಪ್ಪುಗಳನ್ನು ಅವಳು ಬದಿಗೆ ಸರಿಸಿದೊಡನೆ, ಹಸಿರು ಪಟ್ಟಿ ತಾನಾಗಿಯೇ ಓರೆಯಾಗಿ ಎದ್ದು ನಿಂತಿತು. ಟೀಚರ್ ಕೈಚೀಲದಿಂದ ಭೂತಗನ್ನಡಿ ತೆಗೆದು ಹಿಡಿದು ಅದರ ಮೇಲಿನ ಚೀಟಿಯನ್ನು ಗಟ್ಟಿಯಾಗಿ ಓದಿದರು.

"ಎಂಟು ಜಿಬಿ. ಒಂದೂವರೆ ವೋಲ್ಟ್."

ರಿಪೇರಿಯಕ್ಕನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಇದು ನಂದಲ್ಲ. ಟೀಚರ್, ದೇವರಾಣೆ, ಇದು ನಾನು ಹಾಕಿದ್ದಲ್ಲ."

"ಕೇಳಿದ್ರಾ? ಈಗ ದೇವರ ಮೇಲೆ ಬಂತು!" ಭಾವಮೈದುನ ಮೇಜು ಬಡಿದ. "ತಪ್ಪು ರ‍್ಯಾಮ್ ಹಾಕಿ ಭಾವನ ಲ್ಯಾಪ್‌ಟಾಪ್ ಕೊಂದಿದ್ದಾಳೆ. ಅವಳ ಬಾಯಲ್ಲೇ ಬಂತಲ್ಲ, ಕಮ್ಮಿ ಬಡಿಸೋ ಮನೆ ಅಂತ!"

"ಸ್ವಲ್ಪ ಸುಮ್ಮನಿರಿ," ಎಂದರು ಟೀಚರ್. "ಮಗಳೇ, ಇದನ್ನ ಹಾಗೇ ಗೂಡಿಗೆ ಕೂರಿಸಿ ಆನ್ ಮಾಡು."

ಅವಳು ನಡುಗುವ ಕೈಯಿಂದ ಮಾಡಿದಳು. ಗುಂಡಿ ಒತ್ತಿದಳು. ಬದಿಯ ದೀಪ ಹೊತ್ತಿತು. ಒಳಗಿನ ಪುಟ್ಟ ಫ್ಯಾನು ತಿರುಗಿತು. ಪರದೆ ಕಪ್ಪು. ಆರಿಸಿ, ಮತ್ತೆ ಒತ್ತಿದಳು. ದೀಪ, ಫ್ಯಾನು, ಕಪ್ಪು ಪರದೆ. ಮೂರನೆಯ ಸಲವೂ ಅಷ್ಟೇ.

"ಇದು ಒಳಗಿದ್ರೆ ಈ ಯಂತ್ರ ಏನು ತೋರಿಸುತ್ತೆ?"

"ಏನೂ ಇಲ್ಲ ಟೀಚರ್. ಕಂಪನಿ ಹೆಸರೂ ಬರಲ್ಲ. ಒಂದಕ್ಷರ ಬರಲ್ಲ. ಇವತ್ತೂ ಇಲ್ಲ, ಮಂಗಳವಾರಾನೂ..."

ಅಲ್ಲಿಗೆ ಅವಳ ಮಾತು ನಿಂತಿತು. ಅವಳಿಗೆ ಅರ್ಥವಾಗಿತ್ತು. ಟೀಚರ್ ಗೆರೆ ಹಾಳೆಯನ್ನು ಕಣ್ಣ ಮುಂದೆ ಹಿಡಿದರು.

"'ಮೂರು ಪುಟ. ಪೂರ್ತಿ ಓದಿದೆ.' ನಿಮ್ಮ ಸಹಿ ಇದೆ," ಎಂದು ಭಾವಮೈದುನನತ್ತ ತಿರುಗಿದರು. "ಈ ಪಟ್ಟಿ ಒಳಗಿದ್ರೆ ಒಂದಕ್ಷರ ಕಾಣಿಸಲ್ಲ. ನೀವು ಮೂರು ಪುಟ ಓದಿದ್ದೀರಿ. ಹಾಗಾದ್ರೆ ನೀವು ಓದುವಾಗ ಒಳಗಿದ್ದದ್ದು ಇದಲ್ಲ. ಆಮೇಲೆ ಯಾರೂ ಬಿಚ್ಚಿಲ್ಲ ಅಂತೀರಿ. ಮತ್ತೆ ಇದು ಹೇಗೆ ಒಳಗೆ ಹೋಯಿತು? ನಡೆದುಕೊಂಡು?"

ಗಮನಿಸಿ, ಓದುಗರೇ. ಒಂದೇ ಸುಳ್ಳು ಹೇಳಿದ್ದರೆ ಈ ಮನುಷ್ಯ ಪಾರಾಗುತ್ತಿದ್ದ. "ಆನ್ ಆಗಲೇ ಇಲ್ಲ" ಎಂದಿದ್ದರೆ ಸಾಕಿತ್ತು. ರಿಪೇರಿಯಕ್ಕ ಇಂದು ಕಂಬಿಯೆಣಿಸುತ್ತಿದ್ದಳು. ಆದರೆ ಅವನಿಗೆ ಲ್ಯಾಪ್‌ಟಾಪ್ ಸತ್ತಿರಬೇಕಿತ್ತು, ವರದಿಯನ್ನು ಓದಿದವನೂ ತಾನಾಗಬೇಕಿತ್ತು. ದುರಾಸೆ ಹೀಗೆಯೇ ಕೆಡುತ್ತದೆ: ಎರಡು ಸುಳ್ಳುಗಳನ್ನು ಒಂದೇ ಗೂಡಿನಲ್ಲಿ ಕೂರಿಸಹೊರಟು.

ಅವನು ಕಾರ್ಯದರ್ಶಿಯನ್ನು ನೋಡಿದ. ಕಾರ್ಯದರ್ಶಿ ಗಡಿಯಾರವನ್ನು ನೋಡಿದ.

"ಅದು... ಆಗ ಓಡ್ತಿತ್ತೇನೋ," ಎಂದ ಭಾವಮೈದುನ. "ಮೂರು ದಿನ ಓಡಿ ಆಮೇಲೆ ಕೆಟ್ಟಿರಬಹುದು. ನನಗೇನು ಗೊತ್ತು? ನಾನು ಹೇಳಲಿಲ್ವಾ, ಗಂಧಗಾಳಿ ಇಲ್ಲ ಅಂತ."

"ಇರಬಹುದು," ಎಂದು ಟೀಚರ್ ಒಪ್ಪಿದಂತೆ ತಲೆಯಾಡಿಸಿ, ಪಟ್ಟಿಯನ್ನು ಹೊರತೆಗೆಸಿ ಅವನ ಅಂಗೈಯಲ್ಲಿಟ್ಟರು. "ಪೊಲೀಸರು ಬರೋ ಮೊದಲು ಇದ್ದ ಹಾಗೇ ಇಟ್ಟುಬಿಡೋಣ. ಇವಳ ಕೈ ನಡುಗ್ತಿದೆ. ನನಗೆ ಕಣ್ಣು ಕಾಣಲ್ಲ. ನೀವೇ ಹಾಕಿಬಿಡಿ."

ಪಾರಾದೆನೆಂಬ ನಿರಾಳದಲ್ಲಿ ಅವನು ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡ. ಪಟ್ಟಿಯನ್ನು ಬರಿಯ ಅಂಚುಗಳಲ್ಲಿ ಹಿಡಿದ. ಕಚ್ಚನ್ನು ನೋಡಿ ಸರಿಮಾಡಿದ. ಓರೆಯಾಗಿ ತೂರಿಸಿ, ಕೊನೆ ಮುಟ್ಟುವವರೆಗೆ ತಳ್ಳಿ, ಎರಡು ಹೆಬ್ಬೆರಳಿಂದ ಮೆಲ್ಲಗೆ ಕೆಳಕ್ಕೆ ಒತ್ತಿದ. ಕ್ಲಿಪ್ಪುಗಳು ಒಟ್ಟಿಗೆ ಕಚ್ಚಿಕೊಂಡವು.

ರಿಪೇರಿಯಕ್ಕ ನಕ್ಕುಬಿಟ್ಟಳು, ಮೂರು ದಿನಗಳ ನಂತರದ ಮೊದಲ ನಗು, ಅದೂ ಕಹಿ. "ಅಣ್ಣಾ, ನಾನು ಕಲಿಯುವಾಗ ಎರಡು ಗೂಡು ಮುರಿದಿದ್ದೆ. ಮೊದಲ ಸಲ ಹಾಕೋರು ನೆಟ್ಟಗೆ ಅದುಮ್ತಾರೆ. ಓರೆ ಹಾಕಬೇಕು ಅಂತ ಕೈಗೆ ಗೊತ್ತಾಗೋಕೆ ಒಂದು ತಿಂಗಳು ಬೇಕು. ನಿಮ್ಮ ಗಂಧಗಾಳಿ ಇಲ್ಲದ ಕೈಗೆ ನನ್ನ ಅಂಗಡೀಲಿ ಕೆಲಸ ಕೊಡ್ತೀನಿ, ಬರ್ತೀರಾ?"

ಅವನ ಕೈ ಇನ್ನೂ ಲ್ಯಾಪ್‌ಟಾಪಿನ ಮೇಲೆಯೇ ಇತ್ತು. ಅದನ್ನು ಅವನು ಬಿಸಿ ಹಂಚಿನಿಂದ ಎಳೆದುಕೊಂಡಂತೆ ಹಿಂದಕ್ಕೆಳೆದುಕೊಂಡ.

ಆಗ ಟೀಚರರ ಫೋನು ಸದ್ದು ಮಾಡಿತು. ಎಲ್ಲರಿಗೂ ಕೇಳುವಂತೆ ಮಾಡಿ ಮೇಜಿನ ಮೇಲಿಟ್ಟರು. ಎಂಜಿನಿಯರರ ಹೆಂಡತಿಯ ದನಿ, ಏದುಸಿರಿನಲ್ಲಿ:

"ಟೀಚರ್, ನೀವು ಹೇಳಿದ ಕವರ್ ಸಿಕ್ತು. ಇವರ ಸಹಿ ಇದೆ. ಹಳೇ ಪಟ್ಟಿ ಒಂದೇ ಇರುತ್ತೆ ಅಂದಿದ್ರಲ್ಲ? ಇದರಲ್ಲಿ ಎರಡಿದೆ."

"ಎರಡನೇದರ ಮೇಲೆ ವೋಲ್ಟ್ ಎಷ್ಟಿದೆ ನೋಡಮ್ಮ."

"ಒಂದು ಪಾಯಿಂಟ್ ಮೂರು ಐದು. ಎಂಟು ಜಿಬಿ."

ರಿಪೇರಿಯಕ್ಕ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಳು.

"ಎಲ್ಲಿತ್ತಮ್ಮ ಕವರ್?"

"ಬಚ್ಚಲಲ್ಲಿ, ನನ್ನ ತಮ್ಮನ ಗಡ್ಡ ಹೆರೆಯೋ ಸಾಮಾನಿನ ಡಬ್ಬಿಯಲ್ಲಿ," ಎಂದಳು ಆಕೆ. "ಅವನು ಅಲ್ಲೇ ಇದ್ದಾನಾ? ಇರಲಿ, ಬಿಡಬೇಡಿ. ನಾನೇ ತರ್ತಿದ್ದೀನಿ. ಇದು ಹಾಕಿದ್ರೆ ಇವರ ವರದಿ ತೆರೆಯುತ್ತೆ ತಾನೇ? ಬಂದೆ. ಲಿಫ್ಟ್ ಒಳಗಿದ್ದೀನಿ, ಹತ್ತು ಒತ್ತಿದ್ದೀನಿ."

"ಇಳಿಯಮ್ಮ!" ಟೀಚರ್ ಎದ್ದು ನಿಂತಿದ್ದರು. "ಅದರಲ್ಲಿ ಬರಬೇಡ! ಇಳಿ!"

ಫೋನಿನಲ್ಲಿ ಬಾಗಿಲು ಮುಚ್ಚುವ ಸದ್ದು. ಅನಂತರ ಏನೂ ಇಲ್ಲ.

ಭಾವಮೈದುನ ಕುರ್ಚಿ ಬೀಳಿಸಿಕೊಂಡು ಹೊರಗಿನ ಪಡಸಾಲೆಗೆ ಓಡಿದ. ಉಳಿದವರು ಹಿಂದೆ. ಲಿಫ್ಟಿನ ಉಕ್ಕಿನ ಬಾಗಿಲ ಮೇಲೆ ಕೆಂಪು ಅಂಕಿಗಳು ಏರುತ್ತಿದ್ದವು. ಮೂರು. ನಾಲ್ಕು. ಐದು. ಆರು.

ಆರು.

ಆರು.

ಗುಂಡಿಯ ಆಳದಿಂದ ಏನೋ ಕೀರಲಿಟ್ಟಿತು. ಅಂಕಿ ಆರಿಹೋಯಿತು.

"ಅಕ್ಕಾ!" ಅವನು ಬಾಗಿಲ ಸಂದಿಗೆ ಬಾಯಿಟ್ಟು ಕೂಗಿದ. "ಅಕ್ಕಾ!"

ಕೆಳಗಿನಿಂದ, ಬಾವಿಯೊಳಗಿಂದ ಬಂದಂಥ ದನಿ. "ಪುಟ್ಟಾ, ನಿಂತುಹೋಗಿದೆ ಕಣೋ. ಆರಕ್ಕೂ ಏಳಕ್ಕೂ ಮಧ್ಯ ಇದ್ದೀನಿ ಅನ್ಸುತ್ತೆ. ಕತ್ತಲು. ಮೇಲೆ ಏನೋ ಕಟಕಟ ಅಂತಿದೆ."

ನೂರಹತ್ತು ಸಂಸಾರಗಳ ಮುಂದೆ ನಿಂತು ಯಾವ ಯಂತ್ರಕ್ಕೆ ಇವನು ಆಣೆ ಇಡಲಿದ್ದನೋ, ಅದು ಅವನ ಒಡಹುಟ್ಟಿದವಳನ್ನು ಬಾಯೊಳಗೆ ಹಿಡಿದುಕೊಂಡಿತ್ತು.

"ಮೆಟ್ಟಿಲ ಬೀಗ ತೆಗೀರಿ," ಎಂದರು ಟೀಚರ್. ಈ ಸಲ ಅದು ಕೋರಿಕೆಯಾಗಿರಲಿಲ್ಲ.

ಕಾರ್ಯದರ್ಶಿ ಜೇಬು ತಡಕಿದ, ಇನ್ನೊಂದು ಜೇಬು ತಡಕಿದ. ಅವನ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. "ಕೀ ನನ್ನ ಹತ್ರ ಇಲ್ಲ. ಕೆಳಗೆ ಆಫೀಸಿನ ಮೊಳೆಗೆ ನೇತುಹಾಕ್ಸಿದ್ದೀನಿ. ನಾಲ್ಕರ ತನಕ ಯಾರೂ ಇಳೀಬಾರದು ಅಂತ..."

"ಅಂತ ನೀವೂ ಸಿಕ್ಕಿಹಾಕ್ಕೊಂಡ್ರಿ. ಕಾವಲುಗಾರನಿಗೆ ಫೋನ್ ಮಾಡಿ. ಮಗಳೇ, ನನ್ನ ಫೋನ್ ತಗೋ, ಅಗ್ನಿಶಾಮಕದವರಿಗೆ ಹೇಳು."

ಅಗ್ನಿಶಾಮಕದವರು ಇಪ್ಪತ್ತು ನಿಮಿಷ ಎಂದರು. ಕಾವಲುಗಾರ ಕೀ ಹಿಡಿದು ಹೊರಟೆನೆಂದ. ಹತ್ತು ಮಹಡಿ, ಅವನಿಗೋ ಉಬ್ಬಸ.

ಟೀಚರ್ ಭಾವಮೈದುನನ ಭುಜ ಹಿಡಿದು ತಿರುಗಿಸಿದರು. "ವರದಿ ಓದಿರೋನು ಈ ಕಟ್ಟಡದಲ್ಲಿ ನೀನೊಬ್ಬನೇ. ಅದರಲ್ಲಿ ನಿಜವಾಗಿ ಏನಿತ್ತು?"

"ಬೇಡ, ಹೇಳಬೇಡ," ಎಂದ ಕಾರ್ಯದರ್ಶಿ ಹಿಂದಿನಿಂದ. "ಐದು ನಿಮಿಷದಲ್ಲಿ ಸರಿಹೋಗುತ್ತೆ. ಯಾವಾಗಲೂ ನಿಲ್ಲುತ್ತೆ, ಯಾವಾಗಲೂ ಸರಿಹೋಗುತ್ತೆ. ನಿನ್ನ ಕೆಲಸದ ಆರ್ಡರ್ ನನ್ನ ಮೇಜಿನಲ್ಲೇ ಇದೆ, ಮರೀಬೇಡ."

"ಪುಟ್ಟಾ," ಎಂದಿತು ಬಾವಿಯೊಳಗಿನ ದನಿ. "ಅಲ್ಲೇ ಇದ್ದೀಯಾ?"

ಭಾವಮೈದುನ ಕಾರ್ಯದರ್ಶಿಗೆ ಬೆನ್ನು ತಿರುಗಿಸಿದ. "ಸುರಕ್ಷಿತ ಅಂತ ಇರಲಿಲ್ಲ," ಎಂದ. "ಒಂದು ಕಡೆಯೂ ಇರಲಿಲ್ಲ. ವೇಗ ಹೆಚ್ಚಿದ್ರೆ ಹಿಡಿಯೋ ಕೊಂಡಿ ಸವೆದುಹೋಗಿದೆ, ಕಚ್ಚಲ್ಲ ಅಂತಿತ್ತು. ಕೆಂಪು ಅಕ್ಷರದಲ್ಲಿ ಒಂದು ಸಾಲು ಇತ್ತು. ಲಿಫ್ಟ್ ನಡುವೆ ನಿಂತರೆ ಯಾವ ಕಾರಣಕ್ಕೂ ಕೈಯಿಂದ ಬ್ರೇಕ್ ಬಿಡಿಸಬೇಡಿ. ಬಿಡಿಸಿದ್ರೆ ಹಿಡಿದು ನಿಲ್ಲಿಸೋಕೆ ಏನೂ ಇಲ್ಲ."

"ಯಾರು ಬಿಡಿಸ್ತಾರೆ?" ಎಂದಳು ರಿಪೇರಿಯಕ್ಕ.

ಟೀಚರ್ ಕಾರ್ಯದರ್ಶಿಯನ್ನು ನೋಡಿದರು. ಅವನ ಕಣ್ಣು ತಾನಾಗಿ ಮೇಲಕ್ಕೆ, ಚಾವಣಿಯತ್ತ ಹೋಗಿತ್ತು.

"ಮೇಲೆ ಯಾರಿದ್ದಾರೆ?"

"ಮೆಕ್ಯಾನಿಕ್," ಎಂದ ಅವನು, ದನಿಯೇ ಇಲ್ಲದೆ. "ಟೆರೇಸಿನ ಮೋಟಾರ್ ಕೋಣೆಯಲ್ಲಿ. ನಾಲ್ಕರ ತನಕ ಅಲ್ಲೇ ಕೂರು ಅಂತ ಹೇಳಿದ್ದೆ. ನಿಂತಾಗೆಲ್ಲ ಅವನೇ ಸನ್ನೆಕೋಲು ಎಳೆದು ಬ್ರೇಕ್ ಬಿಡಿಸಿ, ಮಹಡಿಗೆ ತಂದು ನಿಲ್ಲಿಸ್ತಾನೆ. ಅದೇ ರೂಢಿ."

"ಫೋನ್ ಮಾಡಿ!"

"ಸ್ವಿಚ್ ಆಫ್ ಮಾಡಿಸಿದ್ದೀನಿ. ಯಾರೂ ಅವನನ್ನ ಏನೂ ಕೇಳಬಾರದು ಅಂತ."

ಟೆರೇಸಿಗೆ ಹೋಗುವ ಮೆಟ್ಟಿಲು, ಬೀಗ ಬಿದ್ದ ಆ ಬಾಗಿಲಿನ ಆಚೆಗಿತ್ತು.

ಅವರ ತಲೆಯ ಮೇಲೆ ಹೆಜ್ಜೆಯ ಸದ್ದು ಕೇಳಿಸಿತು. ಅವಸರವಿಲ್ಲದ, ಪ್ರತಿದಿನದ ಕೆಲಸಕ್ಕೆ ಹೊರಟವನ ಹೆಜ್ಜೆ. ನಾಲ್ಕು ಹೆಜ್ಜೆ, ಆಮೇಲೆ ನಿಂತಿತು.

ಟೀಚರ್ ಸಮಿತಿ ಕೋಣೆಯ ಕುರ್ಚಿಯೊಂದನ್ನು ಎಳೆದುತಂದು ಮೇಲೆ ಹತ್ತಿದರು. ರಿಪೇರಿಯಕ್ಕ ಅವರ ಸೊಂಟವನ್ನು ಬಿಗಿಯಾಗಿ ಹಿಡಿದುಕೊಂಡಳು. ಮೂಲೆಯಲ್ಲಿದ್ದ ಉದ್ದ ಕಸಬರಿಗೆಯ ಹಿಡಿಯಿಂದ ಅವರು ಚಾವಣಿಯನ್ನು ಕುಟ್ಟಿದರು, ಕುಟ್ಟಿದರು. ಭಾವಮೈದುನ ಮೆಟ್ಟಿಲ ಬಾಗಿಲಿಗೆ ಭುಜ ಕೊಟ್ಟು ಹಾಯುತ್ತಿದ್ದ; ಬಾಗಿಲು ಅಲುಗುತ್ತಿರಲಿಲ್ಲ. "ಬಿಡಿಸಬೇಡ! ಬಿಡಿಸಬೇಡವೋ!" ಎಂದು ಅವನು ಕೂಗಿದ ಕೂಗು ಕಾಂಕ್ರೀಟಿಗೆ ತಾಗಿ ಅವನ ಮುಖಕ್ಕೇ ಹಿಂದಿರುಗಿತು.

ಮೇಲೆ, ಕಬ್ಬಿಣದ ಸನ್ನೆಕೋಲೊಂದು ತನ್ನ ಕೊಂಡಿಯಿಂದ ಹೊರಬರುವ ಸದ್ದು.

"ಪುಟ್ಟಾ," ಎಂದಿತು ಕೆಳಗಿನ ದನಿ, ಈಗ ನೆಮ್ಮದಿಯಿಂದ. "ಅಲುಗಾಡ್ತು ಕಣೋ. ಯಾರೋ ಸರಿಮಾಡ್ತಿದ್ದಾರೆ."

ಓದುಗರೇ, ಆ ಹೆಂಗಸಿಗೂ ಸಾವಿಗೂ ನಡುವೆ ಈಗ ಉಳಿದಿರುವುದು ಒಂದು ಬೀಗದ ಕೈ. ಅದು ಕೆಳಗೆಲ್ಲೋ ಒಬ್ಬ ಉಬ್ಬಸದವನ ಮುಷ್ಟಿಯಲ್ಲಿ ಮೆಟ್ಟಿಲು ಹತ್ತುತ್ತಿದೆ. ಅವನನ್ನು ಬೇಗ ಬಾ ಎಂದು ಕೂಗಲು ನಿಮ್ಮಿಂದಾಗದು. ನಿಮ್ಮಿಂದಾಗುವ ಕೆಲಸ ಒಂದಿದೆ. ಈ ಪುಟವನ್ನು ಮಡಿಸಿಡಿ, ಏಳಿ. ನೀವು ವಾಸಿಸುವ, ದುಡಿಯುವ, ಮಕ್ಕಳನ್ನು ಕಳುಹಿಸುವ ಕಟ್ಟಡದ ಮೆಟ್ಟಿಲ ಬಾಗಿಲನ್ನು ಕೈಯಾರೆ ತಳ್ಳಿ ನೋಡಿ. ಅದು ತೆರೆಯದಿದ್ದರೆ, ಕೀ ಯಾರ ಬಳಿಯಿದೆಯೆಂದು ಇಂದೇ, ಈಗಲೇ, ಹೋಗಿ ಕೇಳಿ.